ಬೇಸರ ತಂದಿದ್ದು ಸೂಪರ್‌ಹೀರೊ ಅಲ್ಲ

ಸಂಪಾದಕರೇ,

ಸೂಪರ್‌ಹೀರೊ ಸಿನಿಮಾ ಜನರಿಗೆ ಸಾಕಾಗಿದೆ ಎಂಬ ಮಾತು ಅರ್ಧ ಮಾತ್ರ ನಿಜ. 2019ರ ‘ಅವೆಂಜರ್ಸ್: ಎಂಡ್‌ಗೇಮ್’ ಜಗತ್ತಿನಾದ್ಯಂತ ಸುಮಾರು 280 ಕೋಟಿ ಡಾಲರ್ ಗಳಿಸಿತು. 2023ರ ‘ದಿ ಮಾರ್ವೆಲ್ಸ್’ 21 ಕೋಟಿ ಡಾಲರ್ ಆಸುಪಾಸಿನಲ್ಲೇ ನಿಂತಿತು. ಆದರೆ ಮರುವರ್ಷವೇ ‘ಡೆಡ್‌ಪೂಲ್ ಅಂಡ್ ವುಲ್ವರಿನ್’ 130 ಕೋಟಿ ದಾಟಿತು. ಇಡೀ ಪ್ರಕಾರವೇ ಬೇಸರವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಪ್ರೇಕ್ಷಕರನ್ನು ದಣಿಸಿದ್ದು ಹೋಂವರ್ಕ್. ಈ ಮೂರೂ ಸಿನಿಮಾಗಳು ಒಂದಕ್ಕೊಂದು ಹೆಣೆದುಕೊಂಡ ಕಥೆಗಳ ಮಾರ್ವೆಲ್ ಲೋಕದವು. 2021ರಲ್ಲಿ ಆ ಲೋಕದ ನಾಲ್ಕು ಸಿನಿಮಾ, ಐದು ಒಟಿಟಿ ಸರಣಿಗಳು ಬಂದವು. ‘ದಿ ಮಾರ್ವೆಲ್ಸ್’ನ ಮೂವರು ನಾಯಕಿಯರಲ್ಲಿ ಇಬ್ಬರ ಶಕ್ತಿ ಎಲ್ಲಿಂದ ಬಂತೆಂದು ತಿಳಿಯಲು ‘ವಾಂಡಾವಿಷನ್’, ‘ಮಿಸ್ ಮಾರ್ವೆಲ್’ ಸರಣಿಗಳನ್ನು ಮೊದಲೇ ನೋಡಿರಬೇಕಿತ್ತು. ಟಿಕೆಟ್ ಕೊಂಡವರಿಗೆ ಅದೇ ಎರಡು ಗಂಟೆಯಲ್ಲಿ ಕಥೆ ಅರ್ಥವಾಗಬೇಡವೇ?

ಇನ್ನೊಂದು ದೋಷ ಕ್ಲೈಮ್ಯಾಕ್ಸಿನದು. ಚಿತ್ರೀಕರಣ ಮುಗಿದ ಮೇಲೂ ಕೊನೆಯ ಕಾಳಗವನ್ನು ತಿದ್ದುತ್ತಾ ಹೋದರೆ ಕಂಪ್ಯೂಟರಿನಲ್ಲಿ ದೃಶ್ಯ ಕಟ್ಟುವ ವಿಎಫ್‌ಎಕ್ಸ್ ತಂಡಕ್ಕೆ ಉಳಿಯುವುದು ಕೆಲವೇ ವಾರ. ಹಸಿರು ಪರದೆಯ ಮುಂದೆ ನಟರ ಮುಖದ ಮೇಲೆ ಬಿದ್ದ ಬೆಳಕಿನ ದಿಕ್ಕು ಒಂದು, ಆಮೇಲೆ ಹಿಂದೆ ಸೇರಿಸಿದ ಸೂರ್ಯನ ದಿಕ್ಕು ಇನ್ನೊಂದು. ಪಾದಗಳ ಕೆಳಗೆ ಸರಿಯಾದ ನೆರಳೂ ಇರುವುದಿಲ್ಲ. ಆಕೃತಿ ತೇಲಿದಂತೆ ಕಾಣುತ್ತದೆ. ಏನು ತಪ್ಪಿದೆ ಎಂದು ಹೇಳಲು ಬಾರದವರ ಕಣ್ಣಿಗೂ ಅದು ಗೊತ್ತಾಗುತ್ತದೆ. ಜೊತೆಗೆ, ಸತ್ತವರು ಮಲ್ಟಿವರ್ಸ್‌ನಿಂದ, ಅಂದರೆ ಸಮಾನಾಂತರ ಲೋಕಗಳಿಂದ, ವಾಪಸು ಬರುತ್ತಾರೆಂದಾದರೆ ಸಾವಿಗೆ ಅಳುವವರು ಯಾರು?

ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ಮಾರ್ವೆಲ್ ಸಿನಿಮಾ ಸಾಕೆಂದು 2024ರಲ್ಲಿ ಅದರ ಒಡೆತನದ ಕಂಪನಿ ಡಿಸ್ನಿಯ ಆಗಿನ ಮುಖ್ಯಸ್ಥ ಬಾಬ್ ಐಗರ್ ಹೇಳಿದ್ದು ಸರಿಯಾದ ಹೆಜ್ಜೆ. ಆದರೆ ಕ್ಯಾಮೆರಾ ಓಡುವ ಮೊದಲೇ ಚಿತ್ರಕಥೆಯ ಕೊನೆಯ ಪುಟವೂ ಅಂತಿಮವಾಗಿರಬೇಕು.