ವೀಸಾ ಸಿಕ್ಕಿತು ಸರಿ, ರೂಮು?

ಸಂಪಾದಕರಿಗೆ ನಮಸ್ಕಾರ,

ಜರ್ಮನಿಯಲ್ಲಿ ಓದುವುದರ ಬಗ್ಗೆ ನಿಮ್ಮ ಶಿಕ್ಷಣ ಪುಟದಲ್ಲಿ ಆಗಾಗ ಲೇಖನ ಬರುತ್ತದೆ. ಫೀಸು ಕಡಿಮೆ, ವೀಸಾಕ್ಕೆ ಈ ಕಾಗದ ಬೇಕು, ಬ್ಯಾಂಕಿನಲ್ಲಿ ಇಷ್ಟು ದುಡ್ಡು ತೋರಿಸಬೇಕು. ಎಲ್ಲಾ ಸರಿ. ಆದರೆ ಇಲ್ಲಿ ಬಂದಿಳಿದ ಮೇಲೆ ಮೊದಲ ತಿಂಗಳು ಎಲ್ಲಿ ಮಲಗಬೇಕು ಅಂತ ಮಾತ್ರ ಯಾರೂ ಬರೆಯುವುದಿಲ್ಲ. ನಾನು ಮ್ಯೂನಿಕ್‌ನಲ್ಲಿ ಓದುತ್ತಿದ್ದೇನೆ. ಪ್ರತಿ ಸೆಪ್ಟೆಂಬರ್‌ನಲ್ಲಿ ನಮ್ಮ ಕಡೆಯ ಹುಡುಗರು, ಹುಡುಗಿಯರು ಇದೇ ಗೋಳು ಹೊತ್ತು ಫೋನ್ ಮಾಡುತ್ತಾರೆ, ಅದಕ್ಕೇ ಈ ಪತ್ರ.

ವೀಸಾಕ್ಕೆ ದುಡ್ಡು ತೋರಿಸಲು ತೆರೆಯುವ ಖಾತೆಗೆ ಬ್ಲಾಕ್ಡ್ ಅಕೌಂಟ್ ಅನ್ನುತ್ತಾರೆ, ಅದರಲ್ಲಿ ವರ್ಷಕ್ಕೆ 11,904 ಯೂರೊ ಇಡಬೇಕು. ಅಪ್ಪ ಅಮ್ಮ ಸಾಲ ಸೋಲ ಮಾಡಿ ಇಟ್ಟು, ಸದ್ಯ ಮಗನ ಹತ್ತಿರ ದುಡ್ಡಿದೆ ಅಂತ ನೆಮ್ಮದಿಯಾಗಿ ಇರುತ್ತಾರೆ. ಆದರೆ ಆ ದುಡ್ಡು ಒಟ್ಟಿಗೆ ಕೈಗೆ ಬರುವುದಿಲ್ಲ. ತಿಂಗಳಿಗೆ 992 ಯೂರೊ, ಅಷ್ಟೇ. ಮನೆ ಕೊಡುವವರು ಕೇಳುವ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆಯ ತನಕ ಇರಬಹುದು, ಹೀಟರ್, ನೀರಿನ ಖರ್ಚು ಬಿಟ್ಟು. ಬೆಂಗಳೂರಿನ ಅಡ್ವಾನ್ಸ್ ಕಂಡವರಿಗೆ ಇದೇನು ಮಹಾ ಅನಿಸಬಹುದು. ಆದರೆ ಬರುವ 992ರಲ್ಲಿ ಬಾಡಿಗೆ, ಊಟ, ಇನ್ಶೂರೆನ್ಸ್ ಎಲ್ಲಾ ಕಳೆದು ಅಡ್ವಾನ್ಸ್ ಎಲ್ಲಿಂದ ತರೋದು? ಮೂರು ಕಂತಿನಲ್ಲಿ ಕಟ್ಟಲು ಇಲ್ಲಿನ ಕಾನೂನಿನಲ್ಲಿ ಅವಕಾಶ ಇದೆ. ಆದರೆ ನಮ್ಮ ಹಿಂದೆ ಅಷ್ಟೊಂದು ಜನ ಸರದಿಯಲ್ಲಿ ನಿಂತಿರುವಾಗ ಓನರ್ ಮುಂದೆ ಕಾನೂನು ಮಾತಾಡೋ ಧೈರ್ಯ ಯಾರಿಗಿರುತ್ತೆ ಹೇಳಿ!

ಕಾಲವೂ ಕೆಟ್ಟದ್ದೇ. ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ ಶುರುವಾಗುತ್ತದೆ, ಹುಡುಗರು ಸೆಪ್ಟೆಂಬರ್ ಕೊನೆಗೆ ಬರುತ್ತಾರೆ, ಸರಿಯಾಗಿ ಅದೇ ಹೊತ್ತಿಗೆ ಮ್ಯೂನಿಕ್‌ನಲ್ಲಿ ಅಕ್ಟೋಬರ್‌ಫೆಸ್ಟ್ ಅನ್ನುವ ದೊಡ್ಡ ಬಿಯರ್ ಜಾತ್ರೆ ನಡೆಯುತ್ತಿರುತ್ತದೆ. ಪ್ರವಾಸಿಗರ ಹಾಸ್ಟೆಲ್‌ನ ಒಂದು ಮಂಚಕ್ಕೂ ಬಾಯಿಗೆ ಬಂದ ರೇಟು.

ಇದಿಷ್ಟು ದುಡ್ಡಿನ ಕಷ್ಟವಾಯಿತು. ವಿಳಾಸದ ಕಷ್ಟ ಬೇರೆ. ಮನೆ ಸೇರಿದ ಎರಡು ವಾರದೊಳಗೆ ಇಲ್ಲಿನ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಕಾಗದ ಬೇಕು. ಪರಿಚಯದವರ ರೂಮಿನಲ್ಲಿ ಸುಮ್ನೆ ಹಾಸಿಗೆ ಹಾಕಿಕೊಂಡವರಿಗೆ ಆ ಕಾಗದ ಸಾಮಾನ್ಯವಾಗಿ ಸಿಗುವುದಿಲ್ಲ. ನೋಂದಣಿ ಇಲ್ಲದಿದ್ದರೆ ಟ್ಯಾಕ್ಸ್ ನಂಬರ್ ಬರುವುದಿಲ್ಲ, ರೆಸಿಡೆನ್ಸ್ ಪರ್ಮಿಟ್ ಕೆಲಸವೂ ಮುಂದೆ ಹೋಗುವುದಿಲ್ಲ. ಇನ್ನೊಂದು ಸಣ್ಣ ವಿಷಯ. ಇಲ್ಲಿ ಟಪಾಲು ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿರಬೇಕು. ಇಲ್ಲದಿದ್ದರೆ ಬ್ಯಾಂಕ್ ಕಾರ್ಡು, ಸರ್ಕಾರಿ ಪತ್ರ ಎಲ್ಲಾ ಬಂದ ದಾರಿಯಲ್ಲೇ ವಾಪಸ್!

ಈ ಅವಸರದಲ್ಲೇ ಮೋಸ ಹೋಗುವವರು ಜಾಸ್ತಿ. ‘ನಾನು ಬೇರೆ ದೇಶದಲ್ಲಿದ್ದೇನೆ, ಅಡ್ವಾನ್ಸ್ ಹಾಕಿ, ಬೀಗದ ಕೈ ಕೊರಿಯರ್ ಮಾಡುತ್ತೇನೆ’ ಅನ್ನುವ ಓನರ್, ಜೊತೆಗೆ ಚೆಂದದ ಫೋಟೊಗಳು. ಇಂಥವರಿಗೆ ಒಂದು ಪೈಸೆ ಹಾಕಬೇಡಿ, ಮನೆಯನ್ನು ನೀವೋ ನಿಮ್ಮವರೋ ಕಣ್ಣಾರೆ ನೋಡುವ ತನಕ.

ನನ್ನನ್ನು ಕಳಿಸಿದ ಕನ್ಸಲ್ಟೆನ್ಸಿಯವರು ‘ಹೋದ ಮೇಲೆ ರೂಮು ಸಿಗುತ್ತೆ ಬಿಡಿ’ ಅಂದಿದ್ದರು. ಫೀಸು ತಗೊಂಡವರು ಮೊದಲ ತಿಂಗಳ ಖರ್ಚನ್ನಾದರೂ ಒಂದು ಹಾಳೆಯಲ್ಲಿ ಬರೆದುಕೊಡಬಹುದಲ್ವಾ? ಅಡ್ವಾನ್ಸ್‌ಗೆ ಬ್ಲಾಕ್ಡ್ ಅಕೌಂಟ್ ಬಿಟ್ಟು ಬೇರೆ ದುಡ್ಡು ಇಟ್ಟುಕೊಳ್ಳಿ ಅಂತ ಹೇಳಿದ್ದರೂ ಸಾಕಿತ್ತು.

ಸ್ಟುಡೀರೆಂಡನ್‌ವೆರ್ಕ್ ಅನ್ನುವ ಸಂಸ್ಥೆಯ ವಿದ್ಯಾರ್ಥಿ ನಿಲಯಗಳು ಅಗ್ಗ. ಆದರೆ ಮ್ಯೂನಿಕ್‌ನಲ್ಲಿ ಸರದಿ ಬರಲು ಒಂದೆರಡು ಸೆಮಿಸ್ಟರ್ ಹಿಡಿಯುವುದು ಮಾಮೂಲು. ಅಡ್ಮಿಷನ್ ಪತ್ರ ಬಂದ ದಿನವೇ ಹೆಸರು ಹಾಕಬೇಕು, ವೀಸಾ ಬರಲಿ ಅಂತ ಕಾಯಬಾರದು. ನಿಮ್ಮ ಶಿಕ್ಷಣ ಪುಟದಲ್ಲಿ ಇದನ್ನು ಜೂನ್, ಜುಲೈ ಹೊತ್ತಿಗೇ ಹಾಕಿದರೆ ಉಪಕಾರವಾಗುತ್ತದೆ. ಸೆಪ್ಟೆಂಬರ್‌ನಲ್ಲಿ ಹಾಕಿದರೆ ಓದುವಷ್ಟರಲ್ಲಿ ಅವರು ವಿಮಾನ ಹತ್ತಿರುತ್ತಾರೆ.

– ಒಬ್ಬ ಓದುಗ, ಮ್ಯೂನಿಕ್