ಪ್ಯಾಚ್ ಅಂಟಿಸಿದ್ರೆ ಇನ್ಸುಲಿನ್ ಒಳಗೆ ಇಳಿಯಲ್ಲ

ಸಂಪಾದಕರಿಗೆ ನಮಸ್ಕಾರ,

ನಮ್ಮಮ್ಮಂಗೆ ದಿನಾ ಎರಡು ಹೊತ್ತು ಇನ್ಸುಲಿನ್ ಹಾಕೋನು ನಾನೇ. ಫ್ರಿಜ್ಜಿಂದ ಬಾಟ್ಲಿ ತೆಗೆದು, ಅಂಗೈಯಲ್ಲಿ ಉರುಳಿಸಿ, ಹೊಟ್ಟೆ ಚರ್ಮ ಮೆಲ್ಲಗೆ ಎತ್ತಿ ಹಿಡಿದು ಚುಚ್ಬೇಕು, ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಗಂಟು ಕಟ್ಟಿದೆ ಅಂತ ಡಾಕ್ಟ್ರು ಬೈದ್ಮೇಲೆ ಈಗ ಒಂದಿನ ಎಡಕ್ಕೆ ಒಂದಿನ ಬಲಕ್ಕೆ. ಹೋದ ವಾರ ಪಕ್ಕದ್ಮನೆ ಆಂಟಿ ವಾಟ್ಸಾಪಲ್ಲಿ ಬಂದಿದ್ದ ಜಾಹೀರಾತು ತೋರಿಸಿ ಹೋದ್ರು, ಹೊಕ್ಕಳ ಪಕ್ಕ ಪ್ಯಾಚ್ ಅಂಟಿಸ್ಕೊಂಡ್ರೆ ಶುಗರ್ ಇಂಜೆಕ್ಷನ್ನೇ ಬೇಡ್ವಂತೆ. ಅವತ್ತಿಂದ ಅಮ್ಮಂದು ಒಂದೇ ಹಠ, "ಅದನ್ನ ತರ್ಸೋ ಮಗಾ".

ನಮ್ಮ ಚರ್ಮದ ಮೇಲ್ಪದರ ಕೂದಲೆಳೆಗಿಂತ ತೆಳ್ಳಗಿದೆ, ಆದ್ರೂ ಮಹಾ ಗಟ್ಟಿ, ಅಣುತೂಕ (ಅಣು ಎಷ್ಟು ಭಾರ ಅನ್ನೋ ಲೆಕ್ಕ) ಸುಮಾರು 500 ದಾಟಿದ್ರೆ ಒಳಗೆ ಬಿಡೋದೇ ಕಷ್ಟ. ಸಿಗರೇಟ್ ಬಿಡಿಸೋ ನಿಕೋಟಿನ್ ಪ್ಯಾಚ್ ಕೆಲ್ಸ ಮಾಡೋದು ನಿಕೋಟಿನ್ ಬರೀ 162 ಇರೋದಕ್ಕೆ. ಇನ್ಸುಲಿನ್ ಪ್ರೋಟೀನು, ಹತ್ತಿರತ್ತಿರ 5,800. ನುಂಗಿದ್ರೆ ತಿಂದ ಬೇಳೆ ಜೊತೆ ಅದೂ ಜೀರ್ಣ ಆಗೋಗತ್ತೆ, ಅದಕ್ಕೇ 1922ರಲ್ಲಿ ಟೊರೊಂಟೊದಲ್ಲಿ ಒಬ್ಬ ಹುಡುಗನಿಗೆ ಮೊದಲ ಸಲ ಕೊಟ್ಟಾಗಿಂದ ಇವತ್ತಿಗೂ ಹೆಚ್ಚಿನವ್ರಿಗೆ ಸೂಜಿನೇ ಗತಿ. ಉಸಿರಲ್ಲಿ ಎಳ್ಕೊಳ್ಳೋ ಇನ್ಸುಲಿನ್ ಬಂದಿರೋದು ನಿಜ, ಆದ್ರೆ ಅದು ಹೋಗೋದು ಶ್ವಾಸಕೋಶದ ದಾರೀಲಿ.

ಹಾಗಂತ ಮಾಮೂಲಿ ಸೂಜಿ ಇಲ್ದೆ ಔಷಧಿ ಕೊಡೋ ಸಂಶೋಧನೆ ಸುಳ್ಳಲ್ಲ. ಒಂದು ಮಿಲಿಮೀಟರಿಗಿಂತ ಗಿಡ್ಡ ಇರೋ ಸೂಕ್ಷ್ಮ ಸೂಜಿಗಳಿರೋ ಅಂಟುಪಟ್ಟಿ ಇದೆ, ಕೆಲವು ಚರ್ಮದೊಳಗೇ ಕರಗೋಗತ್ವೆ. ನಮ್ಮ ಬೆಂಗಳೂರಿನ ಐಐಎಸ್‌ಸಿಯವ್ರು (ಭಾರತೀಯ ವಿಜ್ಞಾನ ಸಂಸ್ಥೆ) 2011ರಲ್ಲೇ ಸೂಜಿ ಇಲ್ದೆ ಆಘಾತ ತರಂಗದಿಂದ, ಅಂದ್ರೆ ಜೋರು ಒತ್ತಡದ ಅಲೆಯಿಂದ, ಇಲಿಗಳಿಗೆ ಲಸಿಕೆ ಹಾಕಿ ತೋರಿಸಿದಾರೆ. 2021ರಲ್ಲಿ ಒಪ್ಪಿಗೆ ಸಿಕ್ಕ ಝೈಕೋವ್-ಡಿ ಕೊರೋನಾ ಲಸಿಕೆಗೂ ಸೂಜಿ ಇರ್ಲಿಲ್ಲ, ದ್ರವನೇ ಜೋರಾಗಿ ಚಿಮ್ಮಿ ಚರ್ಮದೊಳಗೆ ಹೋಗೋ ಸಾಧನ ಅದು. ಆದ್ರೆ ಲಸಿಕೆ ಮೂರು ಸಲ ಹಾಕಿದ್ರೆ ಮುಗೀತು, ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ನಡೆಯತ್ತೆ. ಇನ್ಸುಲಿನ್ ಹಂಗಲ್ಲ ಸ್ವಾಮಿ, ಯೂನಿಟ್ ಲೆಕ್ಕ, ಜಾಸ್ತಿ ಹೋದ್ರೆ ಶುಗರ್ ತೀರಾ ಇಳಿದು ಅಮ್ಮ ಬೆವೆತು ಕೈ ನಡುಗಿಸ್ಕೊಂಡು ಕೂರ್ತಾರೆ, ಆಗ ಸಕ್ಕರೆ ಡಬ್ಬಿ ಹುಡುಕೋಕೆ ಓಡೋನೂ ನಾನೇ.

ನಿಮ್ಮಲ್ಲಿ ನನ್ನ ಕೇಳಿಕೆ ಇಷ್ಟೇ. "ಇನ್ನು ಸೂಜಿ ಬೇಡ" ಅಂತ ದೊಡ್ಡದಾಗಿ ಹೆಡ್ಡಿಂಗ್ ಕೊಡೋವಾಗ ಅದು ಇಲಿ ಮೇಲೆ ಆಗಿದ್ದಾ ಮನುಷ್ಯರ ಮೇಲೆ ಆಗಿದ್ದಾ ಅಂತ ಮೊದಲನೇ ಸಾಲಲ್ಲೇ ಹಾಕಿ. ಆಮೇಲೆ ಈ ಪತ್ರ ದಯವಿಟ್ಟು ಪ್ರಕಟಿಸಿ, ನಾನು ಹೇಳಿದ್ರೆ ಅಮ್ಮ ನಂಬಲ್ಲ, ಪೇಪರಲ್ಲಿ ಬಂದ್ರೆ ನಂಬ್ತಾರೆ.

ಒಬ್ಬ ಓದುಗ, ತುಮಕೂರು