ಲೆಕ್ಕದ ಚಿತ್ರ ಬರೆಯುವ ಪುಟ್ಟಿಗೆ

ಮಲ್ಲೇಶ್ವರ, ಬೆಂಗಳೂರು

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ನಿಮ್ಮ ಕಂಪನಿ ಲೆಕ್ಕದ ಚಾರ್ಟ್‌ಗಳನ್ನು ನೋಡಿದೆ. ಬಣ್ಣ ಚೆನ್ನಾಗಿದೆ. ಆದರೆ ಒಂಬತ್ತು ಹೋಳಿನ ಪೈ ಚಾರ್ಟ್ ಯಾಕಮ್ಮ? ಬಾಡಿಗೆ ಜಾಸ್ತಿಯೋ ಕರೆಂಟ್ ಬಿಲ್ ಜಾಸ್ತಿಯೋ ನನಗಂತೂ ಗೊತ್ತಾಗಲಿಲ್ಲ. ಅದನ್ನು ತೆಗೆದು ಬಾರ್ ಹಾಕು.

ಪೀಣ್ಯದ ನಿಮ್ಮ ಕಂಪನಿ ಮಾಲೀಕರು ಕೇಳುವುದು ಒಂದೇ: ಬಂದ ದುಡ್ಡು ಎಲ್ಲಿಗೆ ಹೋಯಿತು? ಅದಕ್ಕೆ ಸ್ಯಾಂಕಿ ಚಿತ್ರ ಸರಿ, ಒಂದು ದಪ್ಪ ಪಟ್ಟಿ ಹೊಳೆಯ ಹಾಗೆ ಕವಲೊಡೆದು ಹೋಗುವ ಚಿತ್ರ. ಕ್ಯಾಪ್ಟನ್ ಸ್ಯಾಂಕಿ ಅನ್ನುವ ಎಂಜಿನಿಯರ್ 1898ರಲ್ಲಿ ಉಗಿ ಎಂಜಿನ್ನಿನ ಶಾಖ ಎಲ್ಲೆಲ್ಲಿ ಸೋರುತ್ತದೆ ಅಂತ ಹೀಗೇ ಬರೆದು ತೋರಿಸಿದ್ದ. (ನಮ್ಮ ಮನೆ ಹತ್ತಿರದ ಕೆರೆಯ ಸ್ಯಾಂಕಿ ಬೇರೆ, ಆತ ಕರ್ನಲ್.) ಮಾರಾಟ 100 ರೂಪಾಯಿ ಅಂದುಕೋ. ಕಚ್ಚಾ ಮಾಲಿಗೆ 62, ಸಂಬಳ, ಬಾಡಿಗೆ, ಕರೆಂಟ್‌ಗೆ 25, ಬಡ್ಡಿ ಮತ್ತು ಸವಕಳಿಗೆ (ಯಂತ್ರ ಹಳೆಯದಾದಂತೆ ಇಳಿಯುವ ಬೆಲೆಗೆ) 5, ತೆರಿಗೆಗೆ 2. ಉಳಿದದ್ದು 6. ಪಟ್ಟಿ ಎಷ್ಟು ದಪ್ಪವೋ ದುಡ್ಡು ಅಷ್ಟು. ಬ್ಯಾಂಕ್ ಸಾಲವನ್ನು ಮಾತ್ರ ಆದಾಯದ ಜೊತೆ ಸೇರಿಸಬೇಡ. ನಷ್ಟದ ವರ್ಷಕ್ಕೆ ಈ ಚಿತ್ರ ಒದ್ದಾಡುತ್ತದೆ, ಬಂದದ್ದಕ್ಕಿಂತ ಹೋದದ್ದೇ ಜಾಸ್ತಿ ಅಲ್ವಾ? ಆಗ ಮೆಟ್ಟಿಲಿಳಿದ ಹಾಗೆ ಕಾಣುವ ವಾಟರ್‌ಫಾಲ್ ಚಾರ್ಟ್ ಹಾಕು. ಕೊನೆಯ ಬಾರ್ ಸೊನ್ನೆಯ ಗೆರೆಯಿಂದ ಕೆಳಗಿಳಿದರೆ ಯಾರೂ ವಿವರಿಸಬೇಕಾಗಿಲ್ಲ.

ಮಾರಾಟದ ಬಾರ್ ಚಾರ್ಟ್ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಬಂತು. 40 ಕೋಟಿ ಇದ್ದದ್ದು 42 ಆಗಿದೆ. ಬೆಳೆದದ್ದು ನೂರಕ್ಕೆ 5. ನೀನು ಅಕ್ಷವನ್ನು 39ರಿಂದ ಶುರು ಮಾಡಿದ್ದರಿಂದ ಒಂದು ಬಾರ್ ಇನ್ನೊಂದರ ಮೂರು ಪಟ್ಟು ಎತ್ತರ ಕಾಣುತ್ತಿದೆ! ಸಾಫ್ಟ್‌ವೇರೇ ಹಾಗೆ ಹಾಕಿತು ಅನ್ನಬೇಡ. ಬಾರ್ ಯಾವಾಗಲೂ ಸೊನ್ನೆಯಿಂದಲೇ ಏಳಬೇಕು. ಗೆರೆಯ ಚಾರ್ಟ್‌ಗೆ ಅಷ್ಟು ಕಟ್ಟುನಿಟ್ಟಿಲ್ಲ.

ಏಪ್ರಿಲ್–ಜೂನ್ ಮಾರಾಟವನ್ನು ಜನವರಿ–ಮಾರ್ಚ್ ಪಕ್ಕ ಇಟ್ಟು ಸುಮ್ನೆ ಹೆದರಿಸಬೇಡ. ವರ್ಷದ ಕೊನೆ ಅಂತ ಮಾರ್ಚ್‌ನಲ್ಲಿ ಬಿಲ್ ರಾಶಿ ಬೀಳುತ್ತದೆ. ಹೋದ ವರ್ಷದ ಏಪ್ರಿಲ್–ಜೂನ್ ಜೊತೆ ಇಡು. ಒಂದು ಕಡೆ ಲಕ್ಷ, ಇನ್ನೊಂದು ಕಡೆ ಕೋಟಿ ಬರೆದಿದ್ದೀಯ, ಅದನ್ನೂ ಸರಿ ಮಾಡು.

ಇನ್ನೊಂದು. ಲಾಭದ ಚಿತ್ರ ಇದೆ, ಕೈಗೆ ಬಂದ ದುಡ್ಡಿನ ಚಿತ್ರ ಇಲ್ಲ. ಬಿಲ್ ಹಾಕಿದ ಕೂಡಲೇ ಪುಸ್ತಕದಲ್ಲಿ ಆದಾಯ ಬಂದುಬಿಡುತ್ತದೆ, ಗಿರಾಕಿ ದುಡ್ಡು ಕೊಡುವುದು ಯಾವಾಗಲೋ. ಲಾಭ ಇದ್ದೂ ಸಂಬಳಕ್ಕೆ ಪರದಾಡುವುದು ಇದರಿಂದಲೇ. ಬರಬೇಕಾದ ಬಾಕಿಯನ್ನು 30 ದಿನ, 60 ದಿನ, 90 ದಿನ ಮೀರಿದ್ದು ಅಂತ ವಿಂಗಡಿಸಿ ಮೊದಲ ಪುಟದಲ್ಲೇ ಹಾಕು. ಮಾಲೀಕರಿಗೆ ಅದು ಇಷ್ಟ ಆಗದೇ ಇರಬಹುದು. ಆದರೂ ಹಾಕು. ಭಾನುವಾರ ಬರುವಾಗ ಬಾಕಿ ಪಟ್ಟಿ ತಾ, ಕೂತು ನೋಡೋಣ.

ನಿನ್ನ ಮಾವ